ಕೆಲಸ ಕಡಿಮೆಯಾದಾಗ ಚದರದ ರೇಟು ಇಳಿಸಬೇಕೇ?

"ಸರ್, ನಾಲ್ಕು ತಿಂಗಳಿಂದ ಕಟ್ಟಲು ಒಂದೂ ಹೊಸ ಮನೆ ಸಿಕ್ಕಿಲ್ಲ. ಪಕ್ಕದ ಬಡಾವಣೆಯ ಕಾಂಟ್ರಾಕ್ಟರು ಚದರಕ್ಕೆ (ನೂರು ಚದರ ಅಡಿಗೆ) ಹದಿನೈದು ಸಾವಿರ ಇಳಿಸಿ ಎರಡು ಕೆಲಸ ಹಿಡಿದಿದ್ದಾರೆ. ನಾನೂ ಇಳಿಸಲೇ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ನೋಟು ರದ್ದಾದ ಮೇಲೆ 2017ರಲ್ಲಿ ಕೇಳಿದರು, 2020ರ ಲಾಕ್‌ಡೌನ್ ಸಡಿಲವಾದಾಗಲಂತೂ ದಿನಕ್ಕೊಬ್ಬರು ಫೋನ್ ಮಾಡಿದರು. ಆಗಲೂ ಬೇಡ ಎಂದೆ, ಈಗಲೂ ಬೇಡ ಎನ್ನುತ್ತೇನೆ. ಬರೀ ಬೇಡ ಎಂದರೆ ತಲೆಯಾಡಿಸಿ ಹೋಗಿ, ಮರುವಾರವೇ ಇಳಿಸಿರುತ್ತಾರೆ. ಅದಕ್ಕೇ ಈ ಸಲ ಲೆಕ್ಕ ಬಿಡಿಸಿ ತೋರಿಸುತ್ತೇನೆ.

ಇಪ್ಪತ್ತು ಚದರದ ಮನೆ, ಮೆಟೀರಿಯಲ್ ಸಮೇತ ಚದರಕ್ಕೆ 2 ಲಕ್ಷ ಎಂದುಕೊಳ್ಳಿ. ಒಟ್ಟು 40 ಲಕ್ಷ. ಎಲ್ಲ ಸರಿಯಾಗಿ ನಡೆದು ನಿಮಗೆ ನೂರಕ್ಕೆ ಹತ್ತು ಉಳಿದರೆ 4 ಲಕ್ಷ. ಖರ್ಚು 36 ಲಕ್ಷ. ಈಗ ಚದರಕ್ಕೆ 15,000 ಇಳಿಸಿ. ಮನೆ 37 ಲಕ್ಷಕ್ಕೆ ಬಂತು, ಖರ್ಚು ಮಾತ್ರ 36 ಲಕ್ಷವೇ. ಉಳಿದದ್ದು 1 ಲಕ್ಷ. ಮೊದಲು ಒಂದು ಮನೆಯಲ್ಲಿ ದುಡಿಯುತ್ತಿದ್ದದ್ದನ್ನು ದುಡಿಯಲು ಈಗ ನಾಲ್ಕು ಮನೆ ಕಟ್ಟಬೇಕು. ಒಂದು ಮನೆಯೇ ಸಿಗದ ಕಾಲದಲ್ಲಿ ನಾಲ್ಕು ಎಲ್ಲಿಂದ ತರುತ್ತೀರಿ? ಅದೂ ಕಂಬಿಯ ಬೆಲೆ ಅಲುಗಾಡದೆ ನಿಂತರೆ ಈ ಮಾತು. ಚದರ ಅಡಿಗೆ ನಾಲ್ಕು ಕಿಲೋದಂತೆ ಈ ಮನೆಗೆ ಎಂಟು ಟನ್ ಕಂಬಿ ಬೇಕು. ಕಿಲೋಗೆ ಹತ್ತು ರೂಪಾಯಿ ಏರಿದರೆ 80,000 ಹೋಯಿತು. ಹತ್ತು ತಿಂಗಳು ಬಿಸಿಲಲ್ಲಿ ನಿಂತದ್ದಕ್ಕೆ ಕೈಯಲ್ಲಿ ಉಳಿದದ್ದು 20,000.

"ಸಿಮೆಂಟಿನ ತೆರಿಗೆ ಇಳಿದಿದೆಯಲ್ಲ, ಅದರಲ್ಲಿ ಸರಿದೂಗಿಸುತ್ತೇನೆ" ಎನ್ನುವವರಿದ್ದಾರೆ. ಹೌದು, 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಬಂತು. 400 ರೂಪಾಯಿಯ ಚೀಲದಲ್ಲಿ, ಕಡಿತ ಪೂರ್ತಿ ನಿಮ್ಮ ಕೈಗೇ ಬಂದರೂ, ಉಳಿಯುವುದು 31 ರೂಪಾಯಿ. ಇಪ್ಪತ್ತು ಚದರಕ್ಕೆ ಸುಮಾರು 800 ಚೀಲ ಹಿಡಿಯುತ್ತದೆ. ಅಂದರೆ 25,000. ಚದರಕ್ಕೆ 1,250 ಉಳಿಸಿ 15,000 ಬಿಟ್ಟುಕೊಡುವುದು ಯಾವ ಲೆಕ್ಕ?

ಇಷ್ಟು ಹೇಳಿದ ಮೇಲೂ ಒಂದು ಮಾತು ಬಂದೇ ಬರುತ್ತದೆ: "ಲಾಭ ಬೇಡ ಸರ್, ಗಾಡಿ ಓಡುತ್ತಿದ್ದರೆ ಸಾಕು." ನನಗೆ ಸಿಟ್ಟು ಬರುವುದೇ ಈ ಮಾತಿಗೆ. ಗಾಡಿ ಯಾವುದರ ಮೇಲೆ ಓಡುತ್ತಿದೆ ನೋಡಿದ್ದೀರಾ? ಹೊಸ ಮನೆಯ ಮುಂಗಡದ ಮೇಲೆ. ಮೂರನೇ ಮನೆಯ ಪಾಯಕ್ಕೆಂದು ಬಂದ ದುಡ್ಡಲ್ಲಿ ಎರಡನೇ ಮನೆಯ ಮೋಲ್ಡು (ತಾರಸಿಯ ಕಾಂಕ್ರೀಟು), ಎರಡನೆಯದರಲ್ಲಿ ಮೊದಲನೆಯದರ ಟೈಲ್ಸ್. ಕೆಲಸ ತುಂಬಿರುವಾಗ ಈ ತೂತು ಕಾಣುವುದಿಲ್ಲ. ಹೊಸ ಮುಂಗಡ ನಿಂತ ದಿನ ಮೂರು ಮನೆಯೂ ಒಟ್ಟಿಗೆ ನಿಲ್ಲುತ್ತವೆ. 2009ರಲ್ಲಿ ನನಗೆ ಆದದ್ದು ಇದೇ. ಕಡಿಮೆ ರೇಟಿಗೆ ಮೂರು ಮನೆ ಹಿಡಿದೆ, ನಾಲ್ಕನೆಯದು ಬರಲಿಲ್ಲ. ಮಿಕ್ಸರನ್ನೂ ಸೆಂಟ್ರಿಂಗ್ ಶೀಟುಗಳನ್ನೂ ಮಾರಿ ಮೂರನ್ನೂ ಮುಗಿಸಿಕೊಟ್ಟೆ. ದೊಡ್ಡ ಬಿಲ್ಡರುಗಳಿಗೂ ಇದೇ ರೋಗ ಇತ್ತು. ಅದಕ್ಕೇ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಲ್ಲಿ, ಗ್ರಾಹಕರಿಂದ ಬಂದ ಹಣದಲ್ಲಿ ಶೇಕಡಾ 70ನ್ನು ಆಯಾ ಯೋಜನೆಯ ಪ್ರತ್ಯೇಕ ಖಾತೆಯಲ್ಲೇ ಇಡಬೇಕೆಂದು ಕಟ್ಟು ಹಾಕಿದರು. ಒಂಟಿ ಮನೆ ಕಟ್ಟುವ ನಮಗೆ ಆ ಕಟ್ಟಿಲ್ಲ. ನಾವೇ ಹಾಕಿಕೊಳ್ಳಬೇಕು. ಮನೆಗೊಂದು ಬ್ಯಾಂಕ್ ಖಾತೆ ಆಗದಿದ್ದರೆ ಮನೆಗೊಂದು ನೋಟ್‌ಬುಕ್ಕಾದರೂ ಇರಲಿ, ಒಂದರ ದುಡ್ಡು ಇನ್ನೊಂದಕ್ಕೆ ದಾಟಬಾರದು.

ಇನ್ನೊಂದನ್ನು ಯಾರೂ ಯೋಚಿಸುವುದೇ ಇಲ್ಲ. ಮನೆ ಕಟ್ಟಿಸಬೇಕಾದವರು ಯಾಕೆ ಮುಂದೂಡುತ್ತಿದ್ದಾರೆ? ನಿಮ್ಮ ರೇಟು ಹೆಚ್ಚಾಯಿತು ಎಂದಲ್ಲ. ತಮ್ಮ ನೌಕರಿ ಉಳಿಯುತ್ತದೋ ಇಲ್ಲವೋ, ಕಂತು ಕಟ್ಟಲಾಗುತ್ತದೋ ಇಲ್ಲವೋ ಎಂಬ ಭಯಕ್ಕೆ. ಆ ಭಯ ಚದರಕ್ಕೆ ಹದಿನೈದು ಸಾವಿರ ಇಳಿಸಿದರೆ ಹೋಗುವಂಥದ್ದಲ್ಲ. ಕಡಿಮೆ ರೇಟು ಕೇಳಿ ಬರುವವರಲ್ಲಿ ಅರ್ಧ ಜನ ಯಾವ ರೇಟಿಗೂ ದುಡ್ಡು ಹೊಂದಿಸಲಾಗದವರು. ಅವರ ಪ್ಲಿಂತ್ (ಪಾಯದ ಮೇಲಿನ ಕಟ್ಟೆ) ಎದ್ದು ನಿಂತಾಗ ನಿಮ್ಮ ದುಡ್ಡು ಅದರೊಳಗೆ ಸಿಕ್ಕಿಕೊಂಡಿರುತ್ತದೆ.

ಹಾಗಾದರೆ ಕೆಲಸ ಎಲ್ಲಿದೆ? ನೀವೇ ಕಟ್ಟಿದ ಹಳೆಯ ಮನೆಗಳಲ್ಲಿದೆ. ಮಾಂದ್ಯ ಬಂತೆಂದು ತಾರಸಿ ಸೋರುವುದು ನಿಲ್ಲಿಸುವುದಿಲ್ಲ. ಇಪ್ಪತ್ತು ಮೂವತ್ತು ವರ್ಷದ ಮನೆಗಳಲ್ಲಿ ಕಿಟಕಿಯ ಮೇಲಿನ ಸಜ್ಜೆಯ ಕಂಬಿ ತುಕ್ಕು ಹಿಡಿದು ಕಾಂಕ್ರೀಟು ಉದುರುತ್ತಿರುತ್ತದೆ, ಬಾತ್‌ರೂಮಿನ ನೀರು ಪಕ್ಕದ ಗೋಡೆಗೆ ಇಳಿದಿರುತ್ತದೆ. ಹೊಸ ಮನೆ ಮುಂದೂಡಿದವರೇ ಇದ್ದ ಮನೆಯ ಮೇಲೆ ಬಾಡಿಗೆಗೆ ಎರಡು ರೂಮು ಎಬ್ಬಿಸುತ್ತಾರೆ. ನಿವೃತ್ತಿಯ ಹಣ ಬಂದವರು ಮಾಡಿಸುವುದು ಇಂಥದ್ದನ್ನೇ. ಏಪ್ರಿಲ್‌ನಲ್ಲಿ, ಮಳೆಗೆ ಮುಂಚೆ, ಹಳೆಯ ಮಾಲೀಕರ ಮನೆಗೆ ಒಂದು ಸುತ್ತು ಹೋಗಿ ಬನ್ನಿ. ತಾರಸಿ ಹತ್ತಿ ನೋಡಿ, ಬಿರುಕು ಎಲ್ಲಿದೆ ಹೇಳಿ. ಇದನ್ನು ಚದರದ ಲೆಕ್ಕದಲ್ಲಿ ಒಪ್ಪಿಕೊಳ್ಳಬೇಡಿ, ಒಂದೊಂದು ಕೆಲಸಕ್ಕೂ ಬೇರೆ ಬೇರೆ ದರ ಬರೆದುಕೊಡಿ. ಬಂಡವಾಳ ಕಡಿಮೆ, ದುಡ್ಡು ವಾರವಾರ ಬರುತ್ತದೆ.

ಹೊಸ ಮನೆಯೇ ಬೇಕೆಂದರೆ ಸಾಲ ಮಂಜೂರಾದವರನ್ನು ಹುಡುಕಿ. ಬ್ಯಾಂಕಿನವರು ಪಾಯ, ಲಿಂಟಲ್, ಮೋಲ್ಡು ಎಂದು ಹಂತಹಂತವಾಗಿ ಹಣ ಬಿಡುತ್ತಾರೆ, ನಿಮ್ಮ ಕರಾರಿನ ಕಂತುಗಳೂ ಅದಕ್ಕೆ ಹೊಂದಿಕೊಂಡಿರಲಿ. ಅರ್ಧಕ್ಕೆ ನಿಂತ ಮನೆ ವಹಿಸಿಕೊಳ್ಳುವುದಾದರೆ ಆಗಿರುವ ಕೆಲಸದ ಅಳತೆಯನ್ನೂ ಫೋಟೋಗಳನ್ನೂ ಮೊದಲೇ ತೆಗೆದು ಮಾಲೀಕರ ಸಹಿ ಹಾಕಿಸಿಕೊಳ್ಳಿ. ಸರ್ಕಾರಿ ಟೆಂಡರು? ಅಲ್ಲಿಯೂ ಎಸ್ಟಿಮೇಟಿಗಿಂತ 'ಬಿಲೋ' ಹಾಕುವ ಪೈಪೋಟಿಯೇ. ಬಿಲ್ಲಿಗಾಗಿ ತಿಂಗಳುಗಟ್ಟಲೆ ಕಾಯುವ ಶಕ್ತಿ ಇದ್ದವರಿಗೆ ಮಾತ್ರ.

ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಕೆಲಸ ನಿಂತಾಗ ನಿಮ್ಮ ಮೇಸ್ತ್ರಿ, ಗಾರೆಯವರು, ಬಾರ್ ಬೆಂಡರುಗಳು ಏನಾಗುತ್ತಾರೆ? ಶನಿವಾರದ ಬಟವಾಡೆ ನಿಂತರೆ ಅವರ ಮನೆಯ ಒಲೆ ಸೋಮವಾರ ಉರಿಯುವುದಿಲ್ಲ. ಎಲ್ಲರಿಗೂ ಸಂಬಳ ಕೊಟ್ಟು ಉಳಿಸಿಕೊಳ್ಳುವ ಶಕ್ತಿ ನಮಗಿಲ್ಲ, ನಿಜ. ಒಂದು ಸಹಿ ಹಾಕಲಿಕ್ಕೆ ಆಗುತ್ತದಲ್ಲ? ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಲು ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದದ್ದಕ್ಕೆ ಪ್ರಮಾಣಪತ್ರ ಬೇಕು. ಅದನ್ನು ಕೆಲಸ ಕೊಟ್ಟ ನಾವು ಬರೆದುಕೊಡಬಹುದು. 2020ರ ಲಾಕ್‌ಡೌನಿನಲ್ಲಿ ಮಂಡಳಿಯ ನೋಂದಣಿ ಕಾರ್ಡು ಇದ್ದವರಿಗೆ ಮೊದಲು 2,000, ಆಮೇಲೆ 3,000 ರೂಪಾಯಿ ಘೋಷಣೆಯಾಯಿತು. ನನ್ನ ಜೊತೆ ಹನ್ನೊಂದು ವರ್ಷ ದುಡಿದ ಯಾದಗಿರಿಯ ದಂಪತಿಗೆ ಕಾರ್ಡು ಇರಲಿಲ್ಲ. "ನೀವು ಸಹಿ ಹಾಕಿದ್ರೆ ಆಗ್ತಿತ್ತೇನ್ರೀ ಸಾಹೇಬ್ರ?" ಎಂದು ಆ ತಾಯಿ ಫೋನಿನಲ್ಲಿ ಕೇಳಿದ್ದು ಇನ್ನೂ ನೆನಪಿದೆ. ಆಗುತ್ತಿತ್ತು. ಈಗ ಮನೆ ಶುರುವಾಗಿ 90 ದಿನದ ಹಾಜರಿ ತುಂಬಿದ ಕೂಡಲೇ ಹಾಜರಿ ಪುಸ್ತಕ ತೆಗೆದು ಎಲ್ಲರ ಪ್ರಮಾಣಪತ್ರಕ್ಕೂ ಸಹಿ ಹಾಕಿಬಿಡುತ್ತೇನೆ. ನಿಮ್ಮ ಕೈಯಲ್ಲಿ ಈಗ ಕೆಲಸ ಇಲ್ಲ ಎಂದಿರಲ್ಲ, ಹೋದ ವರ್ಷದ ಹಾಜರಿ ಪುಸ್ತಕ ಮನೆಯಲ್ಲೇ ಇರಬೇಕು. ಹುಡುಕಿ ತೆಗೆಯಿರಿ.