'ದಿ' ಅಂದರೆ 'ಶ್ರೀ' ಅಲ್ಲ

ಅಕ್ಕನ ಮಗ ಗಲ್ಫ್ ಕೆಲಸಕ್ಕೆ ಬರೆದ ಅರ್ಜಿ ತಂದು ತೋರಿಸಿದ. ಮೊದಲ ಸಾಲೇ 'ಐ ಆ್ಯಮ್ ದಿ ಎಲೆಕ್ಟ್ರಿಷಿಯನ್ ಫ್ರಮ್ ದಿ ಕಾಸರಗೋಡ್'. ಈ 'ದಿ' ಯಾಕೆ ಎಂದು ಕೇಳಿದೆ. "ಮಾವ, 'ದಿ' ಹಾಕಿದ್ರೆ ಮರ್ಯಾದೆ ಸ್ವಲ್ಪ ಜಾಸ್ತಿ ಅಲ್ವಾ?" ಎಂದ.

ಮದುವೆ ಕಾಗದದಲ್ಲಿ, ಕ್ಲಬ್ಬಿನ ಬ್ಯಾನರಿನಲ್ಲಿ, ಅಂಗಡಿ ಬೋರ್ಡಿನಲ್ಲಿ ಇದೇ ನಂಬಿಕೆಯನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಇದು ಎಲ್ಲಿಂದ ಬಂತು ಎನ್ನುವುದೂ ಗೊತ್ತು. ಶಾಲೆಯಲ್ಲಿ ರಜೆ ಅರ್ಜಿ ಬರೆಯುವಾಗ 'ಟು ದಿ ಹೆಡ್‌ಮಾಸ್ಟರ್' ಎಂದು ಕಲಿಸಿದರು. ಆಮೇಲೆ ಬ್ಯಾಂಕಿಗೆ 'ದಿ ಮ್ಯಾನೇಜರ್', ಪಂಚಾಯತಿಗೆ 'ದಿ ಸೆಕ್ರೆಟರಿ'. ದೊಡ್ಡವರ ಮುಂದೆಲ್ಲ 'ದಿ' ಇದ್ದರೆ ಅದು 'ಶ್ರೀ' ಇದ್ದ ಹಾಗೆ ಎಂದು ಮಕ್ಕಳಿಗೆ ಅನಿಸದೇ ಇರುತ್ತದೆಯೇ? ಆದರೆ ಅಲ್ಲಿ 'ದಿ' ಬಂದದ್ದು ಗೌರವಕ್ಕಲ್ಲ. ಆ ಶಾಲೆಗೆ ಹೆಡ್‌ಮಾಸ್ಟರ್ ಒಬ್ಬರೇ. ಯಾರು ಎಂದು ಕೇಳುವ ಪ್ರಮೇಯವೇ ಇಲ್ಲ, ಅದಕ್ಕೆ 'ದಿ'. ಕಳ್ಳನಿಗೂ 'ದಿ' ಹಾಕಬಹುದು, ಯಾವ ಕಳ್ಳ ಎನ್ನುವುದು ಕೇಳುಗನಿಗೆ ಗೊತ್ತಿದ್ದರೆ ಸಾಕು.

ಹೆಸರಿನ ಮುಂದೆ ಬರುವ ಈ 'ಎ', 'ಆ್ಯನ್', 'ದಿ'ಗಳಿಗೆ ಆರ್ಟಿಕಲ್ ಎನ್ನುತ್ತಾರೆ. ಕನ್ನಡಕ್ಕೆ ಆರ್ಟಿಕಲ್ ಇಲ್ಲ, ನಮ್ಮ ಸುತ್ತಲಿನ ತುಳು, ಮಲಯಾಳಗಳಿಗೂ ಇಲ್ಲ. ಹಾಗೆಂದು ಈ ವಿಷಯ ನಮಗೆ ಹೊಸತೇನೂ ಅಲ್ಲ. ಅಜ್ಜಿ ಕತೆ ಹೇಗೆ ಶುರುವಾಗುತ್ತದೆ? 'ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂವರು ಮಕ್ಕಳು.' ಮೊದಲು 'ಒಬ್ಬ', ಪರಿಚಯ ಆದ ಮೇಲೆ 'ಆ'. ಇಂಗ್ಲಿಷಿನಲ್ಲೂ ಅಷ್ಟೇ: ಮೊದಲು 'ಎ ಕಿಂಗ್', ಆಮೇಲೆ 'ದಿ ಕಿಂಗ್'. ಬುಡ ನೋಡಿದರೂ ಹಾಗೇ ಇದೆ. 'ದಿ'ಯೂ 'ದಟ್' ಕೂಡ ಒಂದೇ ಬುಡದಿಂದ ಬಂದವು. 'ಆ್ಯನ್' ಮತ್ತು 'ಒನ್' ಕೂಡ ಒಂದೇ ಹಳೆಯ ಪದದ ಎರಡು ರೂಪ. ಇನ್ನೂ ಒಂದು ಉಪಾಯ ನಮ್ಮಲ್ಲಿದೆ. 'ಪುಸ್ತಕ ತಂದೆಯಾ?' ಅಂದರೆ ಯಾವುದಾದರೂ ಆದೀತು. 'ಪುಸ್ತಕವನ್ನು ತಂದೆಯಾ?' ಅಂದರೆ ಸಾಮಾನ್ಯವಾಗಿ ಇಬ್ಬರಿಗೂ ಗೊತ್ತಿರುವ ಪುಸ್ತಕ. ಇಂಗ್ಲಿಷ್ 'ದಿ' ಮಾಡುವ ಕೆಲಸವನ್ನು ಇಲ್ಲಿ ನಮ್ಮ 'ಅನ್ನು' ಮಾಡಿತು.

'ಎ' ಮೊದಲು ಇತ್ತು, ಸ್ವರದ ಮುಂದೆ ಅದಕ್ಕೆ 'ನ್' ಸೇರಿಸಿದರು ಎಂದು ಹೇಳಿಕೊಡುತ್ತಾರಲ್ಲ, ಅದು ತಲೆಕೆಳಗು. ಮೊದಲಿದ್ದದ್ದು 'ಆ್ಯನ್'. ವ್ಯಂಜನದ ಮುಂದೆ 'ನ್' ಉದುರಿ 'ಎ' ಉಳಿಯಿತು. ಈ 'ನ್' ಜನರನ್ನು ಚೆನ್ನಾಗಿ ಸುತ್ತಾಡಿಸಿದೆ. ಏಪ್ರನ್ ಒಂದು ಕಾಲದಲ್ಲಿ 'ನೇಪ್ರನ್' ಆಗಿತ್ತು. 'ಎ ನೇಪ್ರನ್' ಎಂದದ್ದು ಕಿವಿಗೆ 'ಆ್ಯನ್ ಏಪ್ರನ್' ಎಂದು ಕೇಳಿಸಿತು, 'ನ್' ಪಕ್ಕದ ಮನೆಗೆ ಹೋಯಿತು. ಅದರ ನೆಂಟ ನ್ಯಾಪ್‌ಕಿನ್ ಮಾತ್ರ ತನ್ನ 'ನ್' ಬಿಟ್ಟುಕೊಡಲಿಲ್ಲ. ಕ್ರಿಕೆಟಿನ ಅಂಪೈರ್ ಕೂಡ ಹಿಂದೆ 'ನಂಪೈರ್' ತರಹದ ಪದವೇ. ಯಾರಿಗೂ ಜೋಡಿಯಲ್ಲದವನು, ಮೂರನೆಯವನು ಎಂದು ಅರ್ಥ. ನಿಕ್‌ನೇಮ್‌ನದು ಉಲ್ಟಾ ಕತೆ. ಹೆಚ್ಚಿನ ಹೆಸರು ಎನ್ನುವ ಅರ್ಥದ 'ಆ್ಯನ್ ಈಕ್‌ನೇಮ್' ಒಡೆಯುವಾಗ 'ನ್' ಈ ಕಡೆ ಬಂದು ಬಿತ್ತು.

'ಎ' ಯಾವಾಗ, 'ಆ್ಯನ್' ಯಾವಾಗ ಎನ್ನುವುದಕ್ಕೆ ಸ್ಪೆಲ್ಲಿಂಗ್ ನೋಡಬೇಡಿ. ಪದವನ್ನು ಕನ್ನಡದಲ್ಲಿ ಬರೆದು ನೋಡಿ. 'ಯೂನಿವರ್ಸಿಟಿ' ಯಕಾರದಿಂದ ಶುರು, ಹಾಗಾಗಿ 'ಎ'. ಗಂಟೆ ಎನ್ನುವ ಅರ್ಥದ 'ಅವರ್' ಅಕಾರ, ಹಾಗಾಗಿ 'ಆ್ಯನ್'. 'ಎಂಎಲ್ಎ'ಗೂ 'ಆ್ಯನ್' ಬೇಕು. ನಾವು ಮಾತಿನಲ್ಲಿ 'ಯೆಮ್ಮೆಲ್ಲೆ' ಅನ್ನುತ್ತೇವೆ, ತಪ್ಪುವುದು ಅಲ್ಲೇ.

ಊರಿನ ಹೆಸರಿಗೆ 'ದಿ' ಬೇಡ. ಕಾಸರಗೋಡು ತನ್ನ ಹೆಸರಿನಿಂದಲೇ ಗೊತ್ತಾಗುತ್ತದೆ. ಮಂಜೇಶ್ವರವೂ ಹಾಗೇ, ಕೇರಳವೂ ಹಾಗೇ. 'ದಿ ಕೇರಳ ಗವರ್ನಮೆಂಟ್' ಸರಿಯಲ್ಲವೇ ಎಂದು ಕೇಳುತ್ತಾರೆ. ಸರಿ, ಆದರೆ ಆ 'ದಿ' ಗವರ್ನಮೆಂಟಿನದು, ಕೇರಳದ್ದಲ್ಲ. ನದಿಗೆ 'ದಿ' ಬೇಕು: 'ದಿ ಚಂದ್ರಗಿರಿ'. ಅದೇ ಬೇಕಲ ಕೋಟೆಗೆ ಬೇಡ, ಸುಮ್ನೆ 'ಬೇಕಲ್ ಫೋರ್ಟ್' ಸಾಕು.

ನಮ್ಮ ಕಡೆ ಮನೆಮನೆಗೆ ಬೇಕಾದದ್ದು ಗಲ್ಫಿನ ಲೆಕ್ಕ. ದುಬೈ, ಶಾರ್ಜಾ, ಕತಾರ್, ಕುವೈತ್, ಒಮಾನ್, ಯಾವುದಕ್ಕೂ 'ದಿ' ಇಲ್ಲ. ಆದರೆ ಯುಎಇಗೆ ಬೇಕು. ಬಿಡಿಸಿದರೆ ಅದು 'ಒಂದುಗೂಡಿದ ಅರಬ್ ಎಮಿರೇಟುಗಳು', ಅಂದರೆ ಬರೀ ಹೆಸರಲ್ಲ, ಏನು ಎಂದು ಹೇಳುವ ಮಾತು. 'ಗಲ್ಫ್' ಪದಕ್ಕೂ ಬೇಕು. ಲೋಕದಲ್ಲಿ ಕೊಲ್ಲಿಗಳು ಬೇಕಾದಷ್ಟಿವೆ. ಎಲ್ಲರಿಗೂ ಗೊತ್ತಿರುವ ಆ ಕೊಲ್ಲಿ ಎಂದು ತೋರಿಸಲು 'ದಿ ಗಲ್ಫ್'.

ಅಳಿಯ ಅರ್ಜಿಯನ್ನು ನನ್ನ ಎದುರೇ ತಿದ್ದಿದ. 'ಐ ಆ್ಯಮ್ ಆ್ಯನ್ ಎಲೆಕ್ಟ್ರಿಷಿಯನ್ ಫ್ರಮ್ ಕಾಸರಗೋಡ್' ಆಯಿತು. ಕೊನೆಯ ಸಾಲಿನಲ್ಲಿ 'ವರ್ಕ್ ಇನ್ ಯುಎಇ' ಎಂದಿತ್ತು. ಅಲ್ಲಿಗೆ ಪೆನ್ನು ಹೋಗಿ ನಿಂತಿತು. ನಾನು ಏನೂ ಹೇಳಲಿಲ್ಲ. ಅವನೇ ಒಂದು 'ದಿ' ಸೇರಿಸಿದ.