ಕಟ್ಟಬಾರದ ಕಡೆ ಬಿಗಿ, ಕಟ್ಟಬೇಕಾದ ಕಡೆ ಸಡಿಲ

"ಹಾವು ಕಚ್ಚಿದ್ರೂ ಇದನ್ನೇ ಕಟ್ಟಬಹುದಲ್ವಾ ಸಾರ್?"

ಜಯನಗರದ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಪ್ರಥಮ ಚಿಕಿತ್ಸೆಯ ಪಾಠ ನಡೆಯುತ್ತಿತ್ತು. ಕಲಿಸಲು ಬಂದವರು ಕೊಡಗಿನ ಕಡೆಯ ನಿವೃತ್ತ ಹವಾಲ್ದಾರರು, ಸೈನ್ಯದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವರು. ಅವರ ಕೈಯಲ್ಲಿ ಒಂದು ಕಪ್ಪು ಪಟ್ಟಿ, ಅದಕ್ಕೆ ಸೇರಿಸಿದ ಒಂದು ಗಟ್ಟಿ ಕಡ್ಡಿ. ಅದೇ ಟೂರ್ನಿಕೆಟ್. ಗುಂಡು ಬಿದ್ದ ಸೈನಿಕನ ಕೈಕಾಲಿನ ರಕ್ತ ನಿಲ್ಲಿಸುವ ಸಾಧನ.

ಹಾವಿನ ಪ್ರಶ್ನೆ ಎತ್ತಿದವರು ಎರಡನೇ ಮಹಡಿಯ ಅಂಕಲ್. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಅಂಕಲ್ ಮೇಲಲ್ಲ, ಈ ಹಗ್ಗದ ನಂಬಿಕೆಯ ಮೇಲೆ. ಹಾವು ಕಚ್ಚಿದರೆ ನಮ್ಮಲ್ಲಿ ಮೊದಲು ಹುಡುಕುವುದು ಹಗ್ಗ. ಲಾರಿ ಹರಿದು ಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ ಮಾತ್ರ ಯಾರಿಗೂ ಹಗ್ಗ ನೆನಪಾಗುವುದಿಲ್ಲ. ನೀರು ಕುಡಿಸುತ್ತೇವೆ, ಕಾಫಿ ಪುಡಿ ಮೆತ್ತುತ್ತೇವೆ, ಮೊಬೈಲ್ ಎತ್ತಿ ವಿಡಿಯೋ ಮಾಡುತ್ತೇವೆ.

ದೊಡ್ಡವರ ಮೈಯಲ್ಲಿ ಇರುವುದೇ ಸುಮಾರು 5 ಲೀಟರ್ ರಕ್ತ. ತೊಡೆಯ ದೊಡ್ಡ ರಕ್ತನಾಳ ತುಂಡಾದರೆ ಕೆಲವೇ ನಿಮಿಷಗಳಲ್ಲಿ ಕಥೆ ಮುಗಿಯಬಹುದು. ಅದಕ್ಕೇ ಯುದ್ಧಭೂಮಿಯ ವೈದ್ಯರು ಉಸಿರಾಟಕ್ಕಿಂತ ಮೊದಲು ರಕ್ತ ನೋಡುತ್ತಾರೆ. 2001ರಿಂದ 2011ರವರೆಗೆ ಯುದ್ಧದಲ್ಲಿ ಗಾಯಗೊಂಡು ಸತ್ತ 4,596 ಅಮೆರಿಕನ್ ಸೈನಿಕರ ದಾಖಲೆಗಳನ್ನು ಅಲ್ಲಿನ ವೈದ್ಯರು ಒಂದೊಂದಾಗಿ ತೆಗೆದು ನೋಡಿದರು. ಶೇಕಡಾ 87 ಮಂದಿ ಆಸ್ಪತ್ರೆ ಮುಟ್ಟುವ ಮೊದಲೇ ಸತ್ತಿದ್ದರು. ಉಳಿಸಬಹುದಾಗಿದ್ದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಯನ್ನು ಕೊಂದದ್ದು ರಕ್ತಸ್ರಾವ.

ಸರಿ, ಕರ್ಚೀಫ್ ಕಟ್ಟಿದರೆ ಸಾಲದೇ? ಸಾಲದು. ಅರೆಬರೆ ಕಟ್ಟುವುದು ಕಟ್ಟದಿರುವುದಕ್ಕಿಂತ ಕೆಟ್ಟದ್ದು. ರಕ್ತ ಕಾಲಿಗೆ ಹೋಗುವ ನಾಳ ಬೇರೆ, ವಾಪಸ್ ಬರುವ ನಾಳ ಬೇರೆ. ಹೋಗುವ ದೊಡ್ಡ ನಾಳ ಮಾಂಸದ ಆಳದಲ್ಲಿರುತ್ತದೆ, ಒತ್ತಡವೂ ಜಾಸ್ತಿ. ವಾಪಸ್ ಬರುವುದರಲ್ಲಿ ಒತ್ತಡ ತೀರಾ ಕಮ್ಮಿ, ಸ್ವಲ್ಪ ಅದುಮಿದರೆ ಮುಚ್ಚಿಕೊಳ್ಳುತ್ತದೆ. ಸಡಿಲವಾಗಿ ಕಟ್ಟಿದರೆ ಮುಚ್ಚುವುದು ಇದೊಂದೇ. ಒಳಗೆ ರಕ್ತ ನುಗ್ಗುತ್ತಲೇ ಇರುತ್ತದೆ, ಹೃದಯಕ್ಕೆ ಮರಳಲು ದಾರಿಯಿಲ್ಲ. ಬಚ್ಚಲಿನ ತೂತಿಗೆ ಬಟ್ಟೆ ತುರುಕಿ ನಲ್ಲಿ ಬಿಟ್ಟ ಹಾಗೆ. ನೆಲದಡಿಯ ಸಂಪ್‌ಗೆ ಕಾವೇರಿ ನೀರು ಬರುತ್ತಿದೆ, ಮೇಲೆತ್ತುವ ಮೋಟರ್ ಕೆಟ್ಟಿದೆ, ಅಂಗಳವೆಲ್ಲ ಕೆರೆ. ಇಲ್ಲವೇ ಸಿಲ್ಕ್ ಬೋರ್ಡ್ ನೆನೆಸಿಕೊಳ್ಳಿ: ಬರುವ ಗಾಡಿಗಳಿಗೆ ಹಸಿರು ದೀಪ, ಹೊರಹೋಗುವ ರಸ್ತೆ ಬಂದ್. ಆಗ ಗಾಡಿಗಳು ಫುಟ್‌ಪಾತ್ ಹತ್ತುತ್ತವೆ. ಇಲ್ಲಿ ಆ ಫುಟ್‌ಪಾತೇ ಗಾಯ.

ಆ ಕಡ್ಡಿ ಇರುವುದು ಇದಕ್ಕೇ. ಎತ್ತಿನ ಗಾಡಿಗೆ ಹುಲ್ಲು ಹೇರಿ, ಹಗ್ಗದೊಳಗೆ ಕೋಲು ತೂರಿಸಿ ತಿರುಚಿ ಬಿಗಿಯುವುದನ್ನು ನೋಡಿದ್ದೀರಲ್ವಾ? ಅದೇ ತಂತ್ರ. ಕೈಯಲ್ಲಿ ಎಳೆದರೆ ಬರದ ಬಿಗಿ ಮೂರು ಸುತ್ತಿಗೆ ಬರುತ್ತದೆ. ಹವಾಲ್ದಾರರು ನನ್ನ ತೋಳಿಗೇ ಹಾಕಿ ತಿರುಗಿಸಿದರು. ಎರಡನೇ ಸುತ್ತಿಗೆ ಕಣ್ಣಲ್ಲಿ ನೀರು.

"ನೋವಾಗ್ತಿದೆಯಾ ಸಾರ್? ಆಗ್ಲೇಬೇಕು. ನೋವಿಲ್ಲ ಅಂದ್ರೆ ಬಿಗಿ ಆಗಿಲ್ಲ ಅಂತ ಅರ್ಥ."

ಮಣಿಕಟ್ಟಿನ ನಾಡಿ ಹಿಡಿದು ನೋಡಿದೆ. ಬಡಿತ ಇಲ್ಲವೇ ಇಲ್ಲ! ನನ್ನದೇ ಕೈ, ನನ್ನದಲ್ಲದ ಹಾಗೆ.

ಕಟ್ಟಿದರೆ ಕಾಲನ್ನೇ ಕತ್ತರಿಸಬೇಕಾಗುತ್ತದೆ ಎಂಬ ಹೆದರಿಕೆ ಹಳೆಯದು. ಫ್ರಾನ್ಸಿನ ಜೀನ್ ಲೂಯಿ ಪೆಟಿ ಸ್ಕ್ರೂ ತಿರುಗಿಸಿ ಬಿಗಿಯುವ ಟೂರ್ನಿಕೆಟ್ ಮಾಡಿದ್ದು 1718ರಲ್ಲಿ. ಆಮೇಲಿನ ಯುದ್ಧಗಳಲ್ಲಿ ಗಾಯಾಳು ಆಸ್ಪತ್ರೆ ಸೇರಲು ಎಷ್ಟೋ ಗಂಟೆ ಹಿಡಿಯುತ್ತಿತ್ತು. ಅಷ್ಟು ಹೊತ್ತು ಕಟ್ಟಿಟ್ಟ ಕಾಲು ಸಾಯುತ್ತಿತ್ತು, ಬೈಗುಳ ಪಟ್ಟಿಗೆ. ಹೀಗೆ ಅದು ಕಟ್ಟಕಡೆಯ ಉಪಾಯ ಅನ್ನಿಸಿಕೊಂಡಿತು. ಇದರ ಬೆಲೆ ವಿಯೆಟ್ನಾಂನಲ್ಲಿ ಗೊತ್ತಾಯಿತು. ಅಲ್ಲಿ ಬೇರೆ ದೊಡ್ಡ ಗಾಯವಿಲ್ಲದೆ, ಬರೀ ಕೈಕಾಲಿನ ರಕ್ತ ಹರಿದು ಸತ್ತ ಅಮೆರಿಕನ್ ಸೈನಿಕರು ಸುಮಾರು 2,500. ಅಷ್ಟಾದರೂ ನಿಯಮಗಳನ್ನು ಹೊಸದಾಗಿ ಬರೆಯಲು 1996 ಬರಬೇಕಾಯಿತು.

ಆಮೇಲೆ 2006ರಲ್ಲಿ ಬಾಗ್ದಾದಿನ ಅಮೆರಿಕನ್ ಸೇನಾ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಂಡ 232 ಗಾಯಾಳುಗಳನ್ನು ಲೆಕ್ಕ ಹಾಕಿದರು. ಪಟ್ಟಿ ಕಟ್ಟಿದ್ದರಿಂದಲೇ ಕೈಯೋ ಕಾಲೋ ಕಳೆದುಕೊಂಡವರು ಒಬ್ಬರೂ ಇರಲಿಲ್ಲ. ರಕ್ತ ಸೋರಿ ಮೈ ತಣ್ಣಗಾಗುವ ಮೊದಲೇ ಕಟ್ಟಿದವರಲ್ಲಿ ಶೇಕಡಾ 90 ಮಂದಿ ಬದುಕಿದರು. ತಡವಾಗಿ ಕಟ್ಟಿದವರಲ್ಲಿ ಶೇಕಡಾ 10. ಅಷ್ಟು ದೂರ ಯಾಕೆ, ಮಂಡಿ ಕೀಲು ಬದಲಿಸುವ ಆಪರೇಷನ್ನಿನಲ್ಲೂ ಎಷ್ಟೋ ಸಲ ತೊಡೆಗೆ ಗಾಳಿ ತುಂಬಿದ ಪಟ್ಟಿ ಬಿಗಿದೇ ಕೆಲಸ ಮಾಡುತ್ತಾರೆ, ಒಂದು ಗಂಟೆಗೂ ಮೀರಿ. ಆ ಅಜ್ಜಿಯರು ಆಮೇಲೆ ಲಾಲ್‌ಬಾಗ್‌ನಲ್ಲಿ ವಾಕಿಂಗ್ ಮಾಡುತ್ತಿದ್ದಾರೆ. 2 ಗಂಟೆಯೊಳಗೆ ಆಸ್ಪತ್ರೆ ಸೇರಿದರೆ ಭಯಪಡಬೇಕಿಲ್ಲ.

ಹಾಗಂತ ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ಪಟ್ಟಿ ಬೇಡ. ಬಹುಪಾಲು ಗಾಯಕ್ಕೆ ಬಟ್ಟೆಯಿಟ್ಟು ಗಟ್ಟಿಯಾಗಿ ಒತ್ತಿ ಹಿಡಿದರೆ ಸಾಕು. ಮಧ್ಯೆ ಮಧ್ಯೆ ಎತ್ತಿ ನೋಡಬೇಡಿ. ಒತ್ತಿದರೂ ನಿಲ್ಲದ, ಚಿಮ್ಮುವ ರಕ್ತಕ್ಕೆ ಮಾತ್ರ ಪಟ್ಟಿ. ಗಾಯದಿಂದ ಮೂರು ನಾಲ್ಕು ಬೆರಳು ಮೇಲೆ, ಕೀಲಿನ ಮೇಲಲ್ಲ.

ಇನ್ನು ಅಂಕಲ್ ಹಾವು. ಕನಕಪುರ ರಸ್ತೆಯ ಹೊಸ ಲೇಔಟುಗಳಲ್ಲಿ ಕೊಳಕುಮಂಡಲ ಕಾಣಿಸಿಕೊಳ್ಳುತ್ತದೆ, ಪ್ರಶ್ನೆ ಸುಮ್ನೆ ಬಂದದ್ದಲ್ಲ. ಅದರ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ. ಬಿಗಿದು ಕಟ್ಟಿದರೆ ಅಷ್ಟೂ ವಿಷ ಅಲ್ಲೇ ಕೂತು ಕೆಲಸ ಮಾಡುತ್ತದೆ. ಬಿಚ್ಚಿದ ಕೂಡಲೇ ಮೈಗೆಲ್ಲ ಒಟ್ಟಿಗೆ ನುಗ್ಗಬಹುದು. ಕಾಲು ಅಲ್ಲಾಡಿಸದೆ ಮಲಗಿಸಿ, ಬೇಗ ಆಸ್ಪತ್ರೆಗೆ ಒಯ್ಯಬೇಕು, ಅಷ್ಟೇ. ಹವಾಲ್ದಾರರು ಇನ್ನೂ ಚುಟುಕಾಗಿ ಹೇಳಿದರು: "ಹಾವಿಗೆ ಹಗ್ಗ ಬೇಡ, ಆಟೋ ಬೇಕು."

ನನ್ನ ಪಟ್ಟಿ ಬಿಚ್ಚುವ ಮೊದಲು ಅವರು ಮಾರ್ಕರ್ ತೆಗೆದು ಅಂಗೈ ಹಿಂದೆ ಕಟ್ಟಿದ ಸಮಯ ಬರೆದರು. ಡಾಕ್ಟರಿಗೆ ಮೊದಲು ಬೇಕಾಗುವುದೇ ಅದಂತೆ. ಮನೆಗೆ ಹೋದಾಗ ನನ್ನವಳು ಕೈ ನೋಡಿ ಕೇಳಿದಳು, "ಏನ್ರೀ ಇದು, 10.40ಕ್ಕೆ ಯಾರನ್ನ ನೋಡೋಕೆ ಹೋಗ್ಬೇಕು?" ಎರಡು ದಿನ ತಿಕ್ಕಿದರೂ ಹೋಗಲಿಲ್ಲ.