ಹೆಬ್ಬೆರಳಿಗೆ ಎಟುಕಿದ ಅಡ್ರೆಸ್ ಬಾರ್

ಬೆಳಗಿನ ಎಂಟೂವರೆಯ ಬಸ್ಸು, ಕಾಲಿಡಲು ಜಾಗವಿಲ್ಲ. ಬಲಗೈ ಮೇಲಿನ ಕಂಬಿ ಹಿಡಿದಿದೆ, ಎಡಗೈಯಲ್ಲಿ ಫೋನು. ಬ್ರೌಸರ್ ತೆರೆದು ಏನೋ ಹುಡುಕಬೇಕಿತ್ತು. ವಿಳಾಸ ಬರೆಯುವ ಪಟ್ಟಿ, ಅಂದರೆ ಅಡ್ರೆಸ್ ಬಾರ್, ಸ್ಕ್ರೀನಿನ ತುತ್ತತುದಿಯಲ್ಲಿ. ಕಿರುಬೆರಳನ್ನು ಫೋನಿನ ಬುಡಕ್ಕೆ ಆಸರೆ ಕೊಟ್ಟು, ಅಂಗೈಯನ್ನು ಒಂಚೂರು ಮೇಲಕ್ಕೆ ಸರಿಸಿ, ಹೆಬ್ಬೆರಳನ್ನು ಆದಷ್ಟೂ ಚಾಚಿದೆ. ಅಷ್ಟರಲ್ಲಿ ಬ್ರೇಕ್ ಬಿತ್ತು. ಫೋನು ಕೈಜಾರಿ, ಎದುರು ಸೀಟಿನಲ್ಲಿ ಕೂತಿದ್ದ ಅಜ್ಜಿಯ ಸೊಪ್ಪಿನ ಚೀಲದೊಳಗೆ ಹೋಯಿತು. ಅವರು ದಂಟಿನ ಸೊಪ್ಪು ಸರಿಸಿ, ಫೋನು ಒರೆಸಿಯೇ ಕೊಟ್ಟರು.

ಅಂದು ಸಂಜೆಯೇ ಸೆಟ್ಟಿಂಗ್ಸ್ ಜಾಲಾಡಿ ಅಡ್ರೆಸ್ ಬಾರನ್ನು ಸ್ಕ್ರೀನಿನ ಕೆಳಗೆ ಇಳಿಸಿಕೊಂಡೆ. ಈಗಿನ ಮುಖ್ಯ ಬ್ರೌಸರ್‌ಗಳಲ್ಲೆಲ್ಲ ಈ ಸೌಲಭ್ಯ ಇದೆ. ಆದರೆ ಆಗಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಉಳಿದುಬಿಟ್ಟಿತು. ಬೆರಳು ಇರುವುದು ಕೆಳಗೆ ಎಂಬುದು ಯಾರಿಗಾದರೂ ಕಾಣುವ ವಿಷಯ. ಹಾಗಿದ್ದೂ ಒಂದು ಪಟ್ಟಿ ಮೇಲಿನಿಂದ ಕೆಳಗಿಳಿಯಲು ಅಷ್ಟೊಂದು ವರ್ಷ ಹಿಡಿದದ್ದೇಕೆ?

ಅದು ಮೇಲೆ ಹೋಗಿ ಕೂತದ್ದು ಕಂಪ್ಯೂಟರಿನ ಕಾಲದಲ್ಲಿ. 1993ರ ಮೊಸಾಯಿಕ್ ಬ್ರೌಸರ್‌ನಲ್ಲೇ ಪುಟದ ವಿಳಾಸ ಮೇಲ್ಗಡೆ ಇತ್ತು. ಪತ್ರದ ನೆತ್ತಿಯಲ್ಲಿ ವಿಳಾಸ ಬರೆಯುವಷ್ಟೇ ಸಹಜವಾಗಿ ಎಲ್ಲರೂ ಅದನ್ನು ಒಪ್ಪಿಕೊಂಡರು. ಮೌಸ್ ಹಿಡಿದವರಿಗೆ ಅದರಿಂದ ತೊಂದರೆಯೂ ಇರಲಿಲ್ಲ. ಯಾಕೆ ಇರಲಿಲ್ಲ ಎಂಬುದನ್ನು ತಿಳಿಯಲು ಇನ್ನೂ ಹಿಂದಕ್ಕೆ, 1954ಕ್ಕೆ ಹೋಗಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ ಆ ವರ್ಷ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಮೇಜಿನ ಮೇಲೆ ಎರಡು ಲೋಹದ ಪಟ್ಟಿ, ಕೈಯಲ್ಲಿ ಒಂದು ಕಡ್ಡಿ. ಒಂದು ಪಟ್ಟಿಯನ್ನು ತಟ್ಟಿ, ಇನ್ನೊಂದನ್ನು ತಟ್ಟಿ, ಹೀಗೆ ಆದಷ್ಟು ಬೇಗಬೇಗ ತಟ್ಟುತ್ತಿರಬೇಕು. ಪಟ್ಟಿಗಳನ್ನು ದೂರ ಇಟ್ಟರೆ ಕೈ ನಿಧಾನವಾಗುತ್ತದೆ, ಕಿರಿದು ಮಾಡಿದರೂ ನಿಧಾನವಾಗುತ್ತದೆ. ದೂರವನ್ನೂ ಅಗಲವನ್ನೂ ಒಟ್ಟಿಗೆ ಇಮ್ಮಡಿ ಮಾಡಿದರೆ ಸಮಯ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅಂದರೆ ಲೆಕ್ಕಕ್ಕೆ ಬರುವುದು ಇವೆರಡರ ಅನುಪಾತ. ಇದೇ ಫಿಟ್ಸ್ ನಿಯಮ. ಬಟನ್ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು ಎಂದು ತೀರ್ಮಾನಿಸುವವರು ಇಂದಿಗೂ ನೆಚ್ಚುವುದು ಇದನ್ನೇ.

ಈ ನಿಯಮಕ್ಕೆ ಮೌಸಿನ ಲೋಕದಲ್ಲಿ ಒಂದು ಸೊಗಸಾದ ತಿರುವಿದೆ. ಮೌಸಿನ ಬಾಣ ಸ್ಕ್ರೀನಿನ ಅಂಚನ್ನು ದಾಟಿ ಹೋಗಲಾರದು. ಎಷ್ಟೇ ಜೋರಾಗಿ ಮೇಲಕ್ಕೆ ತಳ್ಳಿದರೂ ಅಂಚಿಗೆ ಬಂದು ನಿಲ್ಲುತ್ತದೆ. ಹಾಗಾಗಿ ಅಂಚಿಗೆ ತಾಗಿದ ಬಟನ್ ನೋಡಲು ಎಷ್ಟೇ ಸಣ್ಣದಾದರೂ, ಕೈಯ ಮಟ್ಟಿಗೆ ಅದಕ್ಕೆ ಕೊನೆಯಿಲ್ಲದ ಆಳ. ಗುರಿ ಹಿಡಿಯುವ ಕೆಲಸವೇ ಬೇಡ, ತಳ್ಳಿದರೆ ಸಾಕು. 2008ರ ಸೆಪ್ಟೆಂಬರಿನಲ್ಲಿ ಬಂದ ಗೂಗಲ್ ಕ್ರೋಮ್ ಟ್ಯಾಬ್‌ಗಳನ್ನು ಅಡ್ರೆಸ್ ಬಾರಿಗಿಂತಲೂ ಮೇಲಕ್ಕೆ ಒಯ್ದಿತು. ವಿಂಡೋವನ್ನು ಪೂರ್ತಿ ಹಿಗ್ಗಿಸಿದಾಗ ಟ್ಯಾಬ್‌ಗಳು ಸ್ಕ್ರೀನಿನ ಅಂಚಿಗೇ ಅಂಟಿಕೊಳ್ಳುತ್ತಿದ್ದವು. ನನ್ನ ಮಟ್ಟಿಗೆ ಇದು ಬ್ರೌಸರ್ ಇತಿಹಾಸದ ಅತ್ಯಂತ ಜಾಣ ಬದಲಾವಣೆಗಳಲ್ಲಿ ಒಂದು. ಬಳಸುವವರು ಅದನ್ನು ಗಮನಿಸಲೇ ಇಲ್ಲ, ಕೈಗೆ ಮಾತ್ರ ಹಗುರ ಅನ್ನಿಸಿತು.

ಫೋನಿನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಬೆರಳನ್ನು ತಡೆದು ನಿಲ್ಲಿಸುವ ಗೋಡೆ ಅಲ್ಲಿಲ್ಲ. ಅಂಚು ದಾಟಿದರೆ ಬೆರಳು ಗಾಳಿಗೆ ಹೋಗುತ್ತದೆ, ಇಲ್ಲವೇ ಕವರಿನ ದಿಂಡಿಗೆ ತಾಗುತ್ತದೆ. ಮೇಲಾಗಿ ಮೌಸಿನ ಬಾಣ ಎಲ್ಲ ದಿಕ್ಕಿಗೂ ಒಂದೇ ಸಲೀಸಿನಲ್ಲಿ ಓಡುತ್ತದೆ, ಹೆಬ್ಬೆರಳು ಹಾಗಲ್ಲ. ಅದರ ಬುಡ ಅಂಗೈಗೆ ಕಟ್ಟಿಹಾಕಿದಂತೆ ಇದೆ. ಗೂಟಕ್ಕೆ ಕಟ್ಟಿದ ಹಸು ಹಗ್ಗದ ಉದ್ದಕ್ಕೆ ಮೇಯುವ ಹಾಗೆ, ಹೆಬ್ಬೆರಳು ಒಂದು ಬಿಲ್ಲಿನಾಕಾರದ ಜಾಗದೊಳಗೆ ಮಾತ್ರ ಆರಾಮಾಗಿ ಓಡಾಡಬಲ್ಲದು.

ಜನ ನಿಜಕ್ಕೂ ಫೋನನ್ನು ಹೇಗೆ ಹಿಡಿಯುತ್ತಾರೆ ಎಂದು ಪ್ರಯೋಗಾಲಯದಲ್ಲಿ ಕೂರಿಸಿ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಸ್ಟೀವನ್ ಹೂಬರ್ ಎಂಬ ವಿನ್ಯಾಸಕಾರರು ಬೀದಿ, ಬಸ್ ನಿಲ್ದಾಣ, ವಿಮಾನ ನಿಲ್ದಾಣ, ಕೆಫೆಗಳಲ್ಲಿ ಫೋನ್ ಬಳಸುತ್ತಿದ್ದವರನ್ನು ಸುಮ್ಮನೆ ನೋಡಿ ಗುರುತು ಹಾಕಿಕೊಂಡರು. ಒಟ್ಟು 1,333 ಮಂದಿ. 2013ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ, ಸ್ಕ್ರೀನ್ ಮುಟ್ಟುತ್ತಿದ್ದವರಲ್ಲಿ ಶೇ. 49ರಷ್ಟು ಜನ ಒಂದೇ ಕೈಯಲ್ಲಿ ಹಿಡಿದಿದ್ದರು. ಶೇ. 36ರಷ್ಟು ಜನ ಒಂದು ಕೈಯಲ್ಲಿ ಹಿಡಿದು ಇನ್ನೊಂದರಿಂದ ಒತ್ತುತ್ತಿದ್ದರು. ಎರಡೂ ಹೆಬ್ಬೆರಳು ಬಳಸುತ್ತಿದ್ದವರು ಶೇ. 15 ಮಾತ್ರ. ಹಿಡಿತ ಖಾಯಂ ಅಲ್ಲ, ಕೆಲಸಕ್ಕೆ ತಕ್ಕಂತೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ ಎಂದೂ ಅವರು ಎಚ್ಚರಿಸಿದ್ದರು. ಆ ಎಚ್ಚರಿಕೆಯನ್ನು ಮರೆತು ಅಂಕಿಗಳನ್ನಷ್ಟೇ ಎತ್ತಿಕೊಂಡವರು ಬಹಳ.

2007ರ ಮೊದಲ ಐಫೋನಿನ ಸ್ಕ್ರೀನು 3.5 ಇಂಚು. ಅದರಲ್ಲಿ ಬಹುಪಾಲು ಕೈಗಳಿಗೆ ಮೇಲಿನ ಮೂಲೆಯೂ ಎಟುಕುತ್ತಿತ್ತು. 2011ರಲ್ಲಿ 5.3 ಇಂಚಿನ ಗ್ಯಾಲಕ್ಸಿ ನೋಟ್ ಬಂದಾಗ ಇದೇನು ಫೋನೋ ಹಲಗೆಯೋ ಅಂದವರಿದ್ದರು. ಮೂರೇ ವರ್ಷದಲ್ಲಿ ಆ್ಯಪಲ್ ಕೂಡ 5.5 ಇಂಚಿಗೆ ಬಂತು. ಬರುವಾಗ ಜೊತೆಗೊಂದು ಉಪಾಯ ತಂದಿತು. ಹೋಮ್ ಬಟನನ್ನು ಒತ್ತದೆ ಎರಡು ಸಲ ಮುಟ್ಟಿದರೆ ಇಡೀ ಸ್ಕ್ರೀನು ಅರ್ಧದವರೆಗೆ ಕೆಳಗೆ ಜಾರುತ್ತಿತ್ತು. ಉಪಾಯವೇನೋ ಒಳ್ಳೆಯದೇ. ಆದರೆ ಅಟ್ಟದ ಮೇಲಿನ ಡಬ್ಬಿ ದಿನಕ್ಕೆ ನಲವತ್ತು ಸಲ ಬೇಕಾಗುವ ಮನೆಯಲ್ಲಿ ಏಣಿ ತಂದಿಟ್ಟಂತೆ ಅದು. ಡಬ್ಬಿಯನ್ನೇ ಕೆಳಗಿಡಬೇಕಲ್ಲವೇ?

ಡಬ್ಬಿಯನ್ನು ಕೆಳಗಿಟ್ಟವರೂ ಇದ್ದರು. 2011ರ ವಿಂಡೋಸ್ ಫೋನ್ 7.5ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಅಡ್ರೆಸ್ ಬಾರ್ ಕೆಳಗೇ ಇತ್ತು. ಆ ಫೋನುಗಳು ಮಾರುಕಟ್ಟೆಯಲ್ಲಿ ಸೋತವು, ವಿಚಾರವೂ ಅವುಗಳ ಜೊತೆ ಮರೆಯಾಯಿತು. 2016ರಲ್ಲಿ ಗೂಗಲ್ ಒಳಗೆ 'ಕ್ರೋಮ್ ಹೋಮ್' ಎಂಬ ಪ್ರಯತ್ನ ಶುರುವಾಯಿತು. ಅಡ್ರೆಸ್ ಬಾರನ್ನು ಕೆಳಗಿಟ್ಟು, ಅದನ್ನು ಮೇಲಕ್ಕೆ ಎಳೆದರೆ ಬುಕ್‌ಮಾರ್ಕು, ಡೌನ್‌ಲೋಡು ಎಲ್ಲ ಹೊರಬರುವಂತೆ ಮಾಡಿದ್ದರು. ತಂತ್ರಜ್ಞಾನದ ಗೀಳಿರುವವರಿಗೆ ಅದು ಬಹಳ ಹಿಡಿಸಿತು. ಸಾಮಾನ್ಯ ಬಳಕೆದಾರರಿಗೆ ಮಾತ್ರ ದಿಕ್ಕು ತಪ್ಪಿದಂತಾಯಿತು. ಕೊನೆಗೆ ಅದನ್ನು ಎಲ್ಲರಿಗೂ ಕೊಡದೆ ಕೈಬಿಟ್ಟರು. 2020ರಲ್ಲಿ ಆಂಡ್ರಾಯ್ಡಿನ ಹೊಸ ಫೈರ್‌ಫಾಕ್ಸ್ ಬಾರನ್ನು ಕೆಳಗಿಟ್ಟಿತು, ಮೇಲೆ ಬೇಕಾದರೆ ಸೆಟ್ಟಿಂಗ್ ಕೊಟ್ಟಿತು.

ದೊಡ್ಡ ಗದ್ದಲ ಎದ್ದದ್ದು 2021ರಲ್ಲಿ. ಆ ಜೂನಿನಲ್ಲಿ ಆ್ಯಪಲ್ ತೋರಿಸಿದ ಐಫೋನಿನ ಹೊಸ ಬ್ರೌಸರ್ ಸಫಾರಿಯಲ್ಲಿ ಅಡ್ರೆಸ್ ಬಾರ್ ಕೆಳಗೆ ಬಂದಿತ್ತಷ್ಟೇ ಅಲ್ಲ, ಪುಟದ ಮೇಲೆ ತೇಲುತ್ತಿತ್ತು. ಎಲ್ಲರೂ ದಿನಾ ಬಳಸುವ ರೀಲೋಡ್ ಮತ್ತು ಶೇರ್ ಬಟನ್‌ಗಳು ಮೂರು ಚುಕ್ಕಿಯ ಮೆನುವಿನೊಳಗೆ ಸೇರಿಹೋಗಿದ್ದವು. ಬೀಟಾ, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ ಬಳಸಿದವರು ಬೇಸಿಗೆಯಿಡೀ ದೂರಿದರು. ಆ್ಯಪಲ್ ಒಂದೊಂದೇ ಬೀಟಾದಲ್ಲಿ ತಿದ್ದುತ್ತ ಬಂದು, ಆಗಸ್ಟಿನಲ್ಲಿ ಬಾರನ್ನು ಮತ್ತೆ ಮೇಲೆ ಹಾಕಿಕೊಳ್ಳುವ ಆಯ್ಕೆ ಕೊಟ್ಟಿತು. ಸೆಪ್ಟೆಂಬರಿನಲ್ಲಿ ಐಫೋನನ್ನು ನಡೆಸುವ ತಂತ್ರಾಂಶದ ಹೊಸ ಆವೃತ್ತಿ ಐಓಎಸ್ 15 ಬಿಡುಗಡೆಯಾದಾಗ ಉಳಿದದ್ದು ಒಳ್ಳೆಯ ಭಾಗ. ಬಾರಿನ ಮೇಲೆ ಬೆರಳಿಟ್ಟು ಪಕ್ಕಕ್ಕೆ ಸವರಿದರೆ ಮುಂದಿನ ಟ್ಯಾಬ್, ಮೇಲಕ್ಕೆ ಸವರಿದರೆ ಎಲ್ಲ ಟ್ಯಾಬ್‌ಗಳ ನೋಟ.

ಈ ತಡಕ್ಕೆ ಬರೀ ಅಭ್ಯಾಸವನ್ನು ದೂರುವಂತಿಲ್ಲ. ಸ್ಕ್ರೀನಿನ ಕೆಳಭಾಗ ಖಾಲಿ ಸೈಟಲ್ಲ. ವೆಬ್‌ಸೈಟುಗಳ 'ಮುಂದುವರಿಸಿ', 'ಹಣ ಪಾವತಿಸಿ' ಬಟನ್‌ಗಳು ಅಲ್ಲೇ ಇರುತ್ತವೆ. ಪುಟ ಸರಿಸಿದಂತೆಲ್ಲ ಅಡ್ರೆಸ್ ಬಾರ್ ಕುಗ್ಗುತ್ತದೆ, ಮತ್ತೆ ಹಿಗ್ಗುತ್ತದೆ. ಹಾಗಾದರೆ ಪುಟದ ಎತ್ತರ ಎಷ್ಟು? ಬಾರ್ ಕಾಣುವಾಗಿನದೋ, ಮರೆಯಾದಾಗಿನದೋ? ಇದಕ್ಕೆ ಬಹುಕಾಲ ಒಂದೇ ಅಳತೆಯಿತ್ತು, ಅದು ಫೋನಿನಲ್ಲಿ ಕೈಕೊಡುತ್ತಿತ್ತು. ನಾನೇ ಒಮ್ಮೆ ಒಂದು ಅರ್ಜಿಯ ಪುಟದಲ್ಲಿ 'ಸಲ್ಲಿಸಿ' ಬಟನ್ ಎಲ್ಲಿ ಎಂದು ಕಾಲು ಗಂಟೆ ಹುಡುಕಿದ್ದೇನೆ, ಅದು ಬಾರಿನ ಹಿಂದೆ ಅಡಗಿತ್ತು. 2022ರಲ್ಲಿ ಬ್ರೌಸರ್‌ಗಳು ಕಿರಿದಾದ ಎತ್ತರ, ಹಿರಿದಾದ ಎತ್ತರ, ಕ್ಷಣಕ್ಷಣಕ್ಕೂ ಬದಲಾಗುವ ಎತ್ತರ ಎಂದು ಮೂರು ಬೇರೆ ಅಳತೆಗಳನ್ನು ಒದಗಿಸಿದ ಮೇಲೆ ವೆಬ್ ಮಾಡುವವರಿಗೆ ಉಸಿರಾಡುವಂತಾಯಿತು.

ಇದಕ್ಕಿಂತ ಗಂಭೀರವಾದದ್ದು ಸುರಕ್ಷತೆಯ ಪ್ರಶ್ನೆ. ಸ್ಕ್ರೀನಿನ ಮೇಲೆ ಕಾಣುವುದರಲ್ಲಿ ವೆಬ್‌ಸೈಟ್ ಏನು ಬೇಕಾದರೂ ಬರೆಯಬಹುದು, ಬ್ಯಾಂಕಿನ ಲಾಂಛನವನ್ನೂ ಕೂಡ. ಅದರ ಕೈಗೆ ಸಿಗದ ಜಾಗ ಅಡ್ರೆಸ್ ಬಾರ್ ಒಂದೇ. ಆ ಗೆರೆಯ ಆಚೆ ಇರುವುದು ಬ್ರೌಸರ್‌ನ ಸ್ವಂತ ಮಾತು. ಜಾಗ ಉಳಿಸಲೆಂದು ಬಾರನ್ನು ಮರೆಮಾಡಿದಾಗ ಆ ಗೆರೆಯೇ ಅಳಿಸಿಹೋಗುತ್ತದೆ. 2019ರಲ್ಲಿ ಜೇಮ್ಸ್ ಫಿಶರ್ ಎಂಬ ಪ್ರೋಗ್ರಾಮರ್ ಇದನ್ನು ಮಾಡಿಯೇ ತೋರಿಸಿದರು. ಫೋನಿನ ಕ್ರೋಮ್‌ನಲ್ಲಿ ಪುಟ ಸರಿಸಿದೊಡನೆ ನಿಜವಾದ ಬಾರ್ ಮರೆಯಾಗುತ್ತದೆ. ಅದೇ ಜಾಗದಲ್ಲಿ ಪುಟವೇ ಒಂದು ಬ್ಯಾಂಕಿನ ವಿಳಾಸವಿರುವ ಸುಳ್ಳು ಬಾರನ್ನು ಚಿತ್ರಿಸುತ್ತದೆ. ಮೇಲಕ್ಕೆ ಸರಿಸಿದಾಗ ನಿಜವಾದದ್ದು ಮರಳಿ ಬರದಂತೆಯೂ ಪುಟವನ್ನು ಹೆಣೆದಿದ್ದರು. ಹಾಗಾಗಿ ಬಾರ್ ಎಲ್ಲಿರಬೇಕು ಎಂಬುದಕ್ಕಿಂತ ಅದು ಯಾವಾಗ ಮರೆಯಾಗಬಹುದು ಎಂಬುದೇ ಕಷ್ಟದ ನಿರ್ಧಾರ ಅಂತ ನನಗನ್ನಿಸುತ್ತದೆ. ದಿನಬೆಳಗಾದರೆ ಲಿಂಕ್ ಒತ್ತಿ ಹಣ ಕಳೆದುಕೊಂಡವರ ಸುದ್ದಿ ಓದುವ ನಾವು ಇದನ್ನು ಹಗುರಾಗಿ ಕಾಣಬಾರದು.

ಬಾರನ್ನು ಕದಲಿಸದೆಯೇ ಬೆರಳಿನ ದಾರಿ ಹತ್ತಿರ ಮಾಡಿದ ಒಂದು ಹೊಳಹನ್ನು ಇಲ್ಲಿ ಹೇಳಲೇಬೇಕು. 2009ರಲ್ಲಿ ಲೊರೆನ್ ಬ್ರಿಕ್ಟರ್ ಎಂಬ ಯುವಕ ಟ್ವಿಟರ್ ಓದಲು 'ಟ್ವೀಟಿ 2' ಎಂಬ ಐಫೋನ್ ಆ್ಯಪ್ ಮಾಡಿದರು. ಅಲ್ಲಿಯವರೆಗೆ ಹೊಸ ಸಂದೇಶ ಬಂದಿದೆಯೇ ನೋಡಲು ಪ್ರತಿ ಸಲವೂ ರಿಫ್ರೆಶ್ ಬಟನ್ ಒತ್ತಬೇಕಿತ್ತು. ಹೊಸದು ಬರುವುದು ಸಂದೇಶಗಳ ಪಟ್ಟಿಯ ತಲೆಯಲ್ಲಿ, ಓದುವವರು ಹೇಗೂ ಪಟ್ಟಿಯನ್ನು ಎಳೆದು ಅಲ್ಲಿಗೇ ಬಂದಿರುತ್ತಾರೆ. ಇನ್ನೊಂದಿಷ್ಟು ಎಳೆದರೆ ಅದನ್ನೇ ರಿಫ್ರೆಶ್ ಅಂದುಕೊಂಡರಾಯಿತಲ್ಲ! ಬಟನ್ ಮಾಯವಾಯಿತು, ಎಳೆತವೇ ಆಜ್ಞೆಯಾಯಿತು. ಎಳೆದಷ್ಟೂ ಬಿಗಿಯಾಗುವ ರಬ್ಬರಿನಂಥ ಚಲನೆ ಐಫೋನಿನಲ್ಲಿ ಮೊದಲೇ ಇತ್ತು. ಬ್ರಿಕ್ಟರ್ ಆ ಬಿಗಿತಕ್ಕೆ ಒಂದು ಅರ್ಥ ಕೊಟ್ಟರು. ಮುಂದಿನ ವರ್ಷ ಟ್ವಿಟರ್ ಅವರ ಕಂಪನಿಯನ್ನೇ ಕೊಂಡಿತು, 2012ರಲ್ಲಿ ಆ್ಯಪಲ್ ಇದನ್ನು ಐಓಎಸ್‌ನ ಭಾಗವಾಗಿಸಿತು. ಜೂಜಿನ ಯಂತ್ರದ ಹಿಡಿಕೆ ಎಳೆದಂತೆ ಜನ ಇದನ್ನು ಎಳೆಯುತ್ತಲೇ ಇರುತ್ತಾರೆ ಎಂಬ ಆಕ್ಷೇಪ ಆಮೇಲೆ ಬಂತು. ಅದನ್ನು ತಳ್ಳಿಹಾಕಲಾರೆ, ನನ್ನ ಬೆರಳೇ ಸಾಕ್ಷಿ.

ಬಾರ್ ಬೆರಳಿನ ಬಳಿಗೆ ಬಂದ ಮೇಲೆ ಅದರೊಳಗಿನ ಅಕ್ಷರವೂ ನನ್ನ ಕಣ್ಣಿಗೆ ಹೆಚ್ಚು ಬೀಳತೊಡಗಿದೆ. ಕನ್ನಡ ವಿಕಿಪೀಡಿಯದ ಪುಟ ತೆರೆದರೆ ವಿಳಾಸ ಚೊಕ್ಕ ಕನ್ನಡದಲ್ಲಿ ಕಾಣುವುದುಂಟು. ಅದನ್ನೇ ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿ ನೋಡಿ, ಮಾರುದ್ದದ ಶೇಕಡಾ ಚಿಹ್ನೆ, ಅಂಕಿ, ರೋಮನ್ ಅಕ್ಷರಗಳ ಸಾಲು ಹೋಗುತ್ತದೆ. ಕಂಪ್ಯೂಟರ್ ಒಂದು ಕನ್ನಡ ಸಂಕೇತವನ್ನು ಮೂರು ಬೈಟುಗಳಲ್ಲಿ ಇಡುತ್ತದೆ. ವೆಬ್ ವಿಳಾಸದಲ್ಲಿ ಪ್ರತಿ ಬೈಟಿಗೆ ಮೂರು ಚಿಹ್ನೆ ಬೇಕು. 'ಕನ್ನಡ' ಎಂಬ ಪದದಲ್ಲಿ ಒಳಗಿನ ಲೆಕ್ಕಕ್ಕೆ ಕ, ನ, ಹಲಂತ, ನ, ಡ ಎಂದು ಐದು ಸಂಕೇತ. ಐದು ಸಲ ಒಂಬತ್ತು, 45 ಚಿಹ್ನೆ. ಮೂರಕ್ಷರದ ಪದಕ್ಕೆ ನಲವತ್ತೈದು! ಇನ್ನು ಕೆಳಗಿನ ಪಟ್ಟಿಯ ಸಣ್ಣ ಬಟನ್‌ಗಳಲ್ಲಿ ಕನ್ನಡ ಹಾಕಿದಾಗ ಒತ್ತಕ್ಷರದ ಬಾಲ ಕತ್ತರಿಸಿಹೋಗುವುದನ್ನು ನೋಡಿಯೇ ಇರುತ್ತೀರಿ. ರೋಮನ್ ಅಕ್ಷರದ ಎತ್ತರಕ್ಕೆ ಹೊಲಿದ ಅಂಗಿ ಅದು. 'ಸ್ವಾತಂತ್ರ್ಯ'ದಂಥ ಪದ ಅದರಲ್ಲಿ ಹಿಡಿಸದು. ಇದು ಸಾಲಿನ ಎತ್ತರವನ್ನು ನಾಲ್ಕು ಪಿಕ್ಸೆಲ್ ಹೆಚ್ಚಿಸಿದರೆ ಸರಿಹೋಗುವ ಕೆಲಸ.

ಕಳೆದ ಹಬ್ಬಕ್ಕೆ ಊರಿಗೆ ಹೋದಾಗ ಉತ್ಸಾಹದಲ್ಲಿ ಅಮ್ಮನ ಫೋನಿನಲ್ಲೂ ಬಾರನ್ನು ಕೆಳಗಿಳಿಸಿದೆ. ಅಮ್ಮ ಫೋನನ್ನು ಎಡ ಅಂಗೈ ಮೇಲೆ ತಟ್ಟೆಯ ಹಾಗೆ ಇಟ್ಟುಕೊಂಡು ಬಲಗೈಯ ತೋರುಬೆರಳಿನಿಂದ ಒತ್ತುತ್ತಾಳೆ, ಹೂಬರ್ ಲೆಕ್ಕದ ಆ ಶೇ. 36ರ ಗುಂಪು. ಅವಳಿಗೆ ಸ್ಕ್ರೀನಿನ ಯಾವ ಮೂಲೆಯೂ ದೂರವಲ್ಲ. ಕೆಳಗೆ ಒತ್ತಲು ಹೋದರೆ ಹಿಡಿದ ಕೈಯ ಬೆರಳೇ ಅಡ್ಡ ಬರುತ್ತದೆ. ಎರಡು ದಿನ ನೋಡಿ, 'ಇದನ್ನ ಎಲ್ಲಿತ್ತೋ ಅಲ್ಲೇ ಇಡು ಮಾರಾಯ' ಅಂದಳು. ವಾಪಸ್ ಮೇಲಕ್ಕೆ ಏರಿಸಿಕೊಟ್ಟೆ.